ಮರಿಯಮ್ಮನವರ ಪಾದರಕ್ಷೆ

ಕಳೆದ ಮಳೆಗಾಲದಲ್ಲಿ ರಾಮನಗರದ ಒಂದು ಮನೆಯನ್ನು ಆಶೀರ್ವದಿಸಲು ಹೋಗಿದ್ದೆ. ಪ್ರಾರ್ಥನೆ ಮುಗಿದು ಚಹಾ ಬರುವಷ್ಟರಲ್ಲಿ ಮನೆಯ ಯಜಮಾನರು ನನ್ನನ್ನು ಜಗಲಿಯ ಮೂಲೆಗೆ ಕರೆದೊಯ್ದರು. ಅಲ್ಲಿ ನೆರಳಿನಲ್ಲಿ ಹತ್ತು ಹನ್ನೆರಡು ಕುಂಡಗಳು. ಒಂದರಲ್ಲಿ ಮಾತ್ರ ಹೂವಿತ್ತು. ಅದರ ಕೆಳದಳ ಪುಟ್ಟ ಚಪ್ಪಲಿಯ ಮುಂಭಾಗದಂತೆ ಉಬ್ಬಿಕೊಂಡಿತ್ತು.

"ಸ್ಲಿಪ್ಪರ್ ಆರ್ಕಿಡ್, ಫಾದರ್. ದೂರದ ನರ್ಸರಿಯಿಂದ ತರಿಸಿದ್ದು" ಎಂದರು. ಸ್ವಲ್ಪ ತಡೆದು, "ಬಿಚ್ಚಿದಾಗ ಬೇರಿಗೆ ಕಾಡಿನ ಪಾಚಿ, ತರಗೆಲೆ ಅಂಟಿತ್ತು. ಬೆಲೆಯೂ ಕಡಿಮೆ. ನಾನು ಹಣ ಕೊಟ್ಟೇ ಕೊಂಡೆ. ಆದರೂ ಇದರಲ್ಲಿ ನನ್ನ ತಪ್ಪಿದೆಯೇ?" ಎಂದು ಕೇಳಿದರು. (ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ, ಬರೆಯಲು ಅವರ ಒಪ್ಪಿಗೆಯೂ ಇದೆ.)

ಯೂರೋಪಿನ ಹಳೆಯ ಸಸ್ಯಗ್ರಂಥಗಳಲ್ಲಿ ಈ ಬಗೆಯ ಹೂವಿಗೆ ಲ್ಯಾಟಿನ್ ಭಾಷೆಯಲ್ಲಿ 'ಮರಿಯಳ ಪಾದರಕ್ಷೆ' ಎಂಬ ಹೆಸರಿತ್ತು. ಭಕ್ತರ ಕಣ್ಣು ಎಲ್ಲೆಡೆ ಒಂದೇ ಬಗೆಯದು. ನಮ್ಮ ಜೊಯಿಡಾ ಕಾಡಿನಲ್ಲಿ ಮಳೆ ಹಿಡಿಯುವ ಮುನ್ನ ಮರಗಳಿಂದ ಜೋತುಬೀಳುವ ಆರ್ಕಿಡ್ ಹೂವನ್ನು ನಮ್ಮ ಜನ ಸೀತಾಳೆ ದಂಡೆ ಎನ್ನುತ್ತಾರಲ್ಲವೇ? ಪಾದರಕ್ಷೆಯ ಆಕಾರದ್ದು ಮಾತ್ರ ನಮ್ಮ ಕಾಡಿನಲ್ಲಿಲ್ಲ. ದಕ್ಷಿಣ ಭಾರತಕ್ಕೆಲ್ಲ ಅದರ ಒಂದೇ ಜಾತಿ, ಕೇರಳ-ತಮಿಳುನಾಡು ಗಡಿಯ ಅಗಸ್ತ್ಯಮಲೆಯಲ್ಲಿ. ಹಳದಿ ದಳದ ನಡುವೆ ಕಂದು ಗೆರೆಯ ಆ ಹೂವನ್ನು 1865ರಲ್ಲಿ ಕರ್ನಲ್ ಡ್ರೂರಿ ಎಂಬವರು ಕಂಡರು. ಬಹುಕಾಲ ಮರೆಯಾಗಿದ್ದ ಅದು 1972ರಲ್ಲಿ ಮತ್ತೆ ಕಾಣಿಸಿತು. ಕಾಣಿಸಿದ್ದೇ ಅದಕ್ಕೆ ಮುಳುವಾಯಿತು; ಸಂಗ್ರಾಹಕರಿಗಾಗಿ ಕಿತ್ತು ಕಿತ್ತು ಬೆಟ್ಟ ಬಹುತೇಕ ಬರಿದಾಯಿತು. ಹೂವನ್ನು ಪ್ರೀತಿಸಿದವರೇ ಅದನ್ನು ಅಳಿವಿನಂಚಿಗೆ ತಂದರೆಂಬುದು ನನ್ನನ್ನು ಬಹಳ ಕಾಡಿದೆ.

ಕಾನೂನಿನ ಮಾತು ಸ್ಪಷ್ಟವಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1991ರ ತಿದ್ದುಪಡಿಯಿಂದೀಚೆಗೆ ಈ ಗಿಡಗಳನ್ನು ಕಾಡಿನಿಂದ ಕೀಳುವುದು, ಹಾಗೆ ಕಿತ್ತದ್ದನ್ನು ಮಾರುವುದು, ಇಟ್ಟುಕೊಳ್ಳುವುದು ಅಪರಾಧ. ಬೆಳೆಸಿ ಮಾರುವ ನರ್ಸರಿಗೂ ಪರವಾನಗಿ ಬೇಕು. ಆದರೆ ಅವರು ನನ್ನನ್ನು ಕೇಳಿದ್ದು ಕಾನೂನನ್ನಲ್ಲ.

ಗುರುಮಠದಲ್ಲಿ ನೀತಿಶಾಸ್ತ್ರದ ಪಾಠದಲ್ಲಿ 'ಸದ್ಭಾವದ ಒಡೆಯ' ಎಂಬ ವಿಚಾರವನ್ನು ಓದಿದ್ದೆವು. ಪರರ ಸೊತ್ತೆಂದು ಅರಿಯದೆ ಕೊಂಡವನು ಕಳ್ಳನಲ್ಲ. ಆದರೆ ಮನಸ್ಸಿನಲ್ಲಿ ಸಂಶಯ ಮೂಡಿದ ದಿನದಿಂದ ವಿಚಾರಿಸುವ ಹೊಣೆ ಅವನದೇ. ವಿಚಾರಿಸದೆ ಸುಮ್ಮನಿದ್ದರೆ ಆ ಸದ್ಭಾವ ಅಲ್ಲಿಗೆ ಮುಗಿಯಿತು. ತೆತ್ತ ಹಣ ಆ ಹೊಣೆಯನ್ನು ತೀರಿಸುವುದಿಲ್ಲ. ಸಂಶಯ ನಿಜವಾದರೆ ಹಿಂದಿರುಗಿಸಬೇಕು ಎನ್ನುತ್ತಾರೆ ಸಂತ ತೋಮಸ್ ಅಕ್ವಿನಾಸರು. ಜಕ್ಕಾಯನು ನಾಲ್ಕು ಪಟ್ಟು ಕೊಡಲು ಮುಂದಾದನು. ಅವನ ಮುಂದೆ ಮೋಸಹೋದ ಮನುಷ್ಯರಿದ್ದರು. ಇಲ್ಲಿ ಹಿಂದಿರುಗಿಸುವುದು ಯಾರಿಗೆ? ಯಾವ ಬೆಟ್ಟದ ಯಾವ ಬಂಡೆಯ ಬುಡಕ್ಕೆ?

ಈ ಪ್ರಶ್ನೆ ರಾಮನಗರದಲ್ಲಿ ಬೇರೆಯೇ ಧ್ವನಿ ಪಡೆಯುತ್ತದೆ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ, ಗದ್ದೆ, ದೇವಾಲಯ ಮುಳುಗಿದವರು ಬಂದು ನೆಲೆಸಿದ ಊರು ಇದು. ಬೇರುಸಹಿತ ಕಿತ್ತದ್ದನ್ನು ಇನ್ನೊಂದೆಡೆ ನೆಟ್ಟ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲವೆಂದು ಇಲ್ಲಿಯ ಹಿರಿಯರಿಗೆ ಯಾರೂ ಬೋಧಿಸಬೇಕಿಲ್ಲ.

ಆದರೂ ಒಂದು ದಾರಿಯಿದೆ, ಮತ್ತು ಅದು ನರ್ಸರಿಯ ಮೂಲಕವೇ ಸಾಗುತ್ತದೆ! ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರದ ನೆರವಿಲ್ಲದೆ ಮೊಳೆಯದು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಪಾಕದಲ್ಲಿ ಅದನ್ನು ಮೊಳೆಯಿಸುವ ವಿಧಾನವನ್ನು ಪ್ರಕಟಿಸಿದರು. ಅಂದಿನಿಂದ ಒಂದೇ ಕಾಯಿಯಿಂದ ಸಾವಿರಾರು ಸಸಿಗಳು ಸಾಧ್ಯವಾದವು. ಹೂ ಬಿಡಲು ಹಲವು ವರ್ಷ ಬೇಕು. ಆದ್ದರಿಂದ ಪ್ರಾಮಾಣಿಕವಾಗಿ ಬೆಳೆಸಿದ ಗಿಡ ಅಗ್ಗವಾಗಿರುವುದು ಕಷ್ಟ. ಇಂಗ್ಲೆಂಡಿನಲ್ಲಿ ಈ ಮನೆತನದ ಹೂವೊಂದು ನಿರ್ನಾಮವಾಯಿತೆಂದೇ ತಿಳಿದಿದ್ದಾಗ, 1930ರಲ್ಲಿ ಯಾರ್ಕ್‌ಶೈರಿನಲ್ಲಿ ಒಂದೇ ಒಂದು ಗಿಡ ಸಿಕ್ಕಿತು. ದಶಕಗಟ್ಟಲೆ ಅದನ್ನು ಕಾವಲಿಟ್ಟು ಉಳಿಸಿಕೊಂಡರು. ಮುಂದೆ ಕ್ಯೂ ಉದ್ಯಾನದಲ್ಲಿ ಬೀಜದಿಂದ ಬೆಳೆಸಿದ ಸಸಿಗಳನ್ನು ಕಾಡಿಗೆ ಮರಳಿ ನೆಟ್ಟರು. ಅಗಸ್ತ್ಯಮಲೆಯ ಹೂವಿಗಾಗಿ ಕೇರಳದ ಪಾಲೋಡಿನ ಸಸ್ಯೋದ್ಯಾನವೂ ಇಂಥದೇ ಸೇವೆ ಮಾಡಿದೆ.

ಮಾನವನಿಂದ ಅಳಿದ ಒಂದೊಂದು ಜೀವಜಾತಿಯೂ ದೇವರ ಮಹಿಮೆಯನ್ನು ಸಾರುವ ಒಂದು ಧ್ವನಿಯನ್ನು ನಿಲ್ಲಿಸುತ್ತದೆ, ಅಂಥ ಹಕ್ಕು ನಮಗಿಲ್ಲ ಎಂಬರ್ಥದಲ್ಲಿ ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ'ಯಲ್ಲಿ ಬರೆದರು. ನೆಲದ ಹೂಗಳನ್ನು ಗಮನಿಸಿ ನೋಡಿರೆಂದು ಪ್ರಭು ಯೇಸುವೂ ಹೇಳಿದರು. ಮನೆಗೆ ಒಯ್ಯಿರೆಂದು ಹೇಳಲಿಲ್ಲ. ಹಾಗೆಂದು ಜಗಲಿಯ ಕುಂಡಗಳೆಲ್ಲ ಪಾಪವೆಂದು ನಾನು ಹೇಳಲಾರೆ. ನಮ್ಮ ಬಲಿಪೀಠದ ಹೂಗಳೂ ಯಾರೋ ಬೆಳೆಸಿದವೇ.

ಅವರಿಗೆ ನಾನು ಹೇಳಿದ್ದು ಇಷ್ಟೇ: ನರ್ಸರಿಗೆ ಬರೆದು ಕೇಳಿ, ತಾಯಿಗಿಡ ಎಲ್ಲಿಯದು, ಪರವಾನಗಿ ಇದೆಯೇ ಎಂದು. ಉತ್ತರ ಸಮಾಧಾನ ತರದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸೋಣ, ನಾನೂ ಜೊತೆಗೆ ಬರುತ್ತೇನೆ. ಅವರ ಮುಖ ಸ್ವಲ್ಪ ಬಾಡಿತು. "ಗಿಡ ಹೋಗಿಬಿಡಬಹುದಲ್ಲವೇ, ಫಾದರ್?" ಎಂದರು. ಹೌದು ಎಂದೆ.

ಮರುವಾರವೇ ಅವರು ಪತ್ರ ಬರೆದರು. ಇದನ್ನು ಬರೆಯುವ ಹೊತ್ತಿಗೂ ಉತ್ತರ ಬಂದಿಲ್ಲ. ಗಿಡಕ್ಕೆ ದಿನವೂ ನೀರು ಹನಿಸುತ್ತಿದ್ದಾರೆ. ಹೊಸ ಗಿಡ ಮಾತ್ರ ತರಿಸಿಲ್ಲವಂತೆ.