ಹೊಳೆಗೆ ಬಿಟ್ಟ ಹೊಲ

(ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋ ನಗರದ ದಕ್ಷಿಣಕ್ಕಿರುವ ಕೊಸಮ್ನಿಸ್ ನದಿಯ ರಕ್ಷಿತ ಪ್ರದೇಶ, ಅಲ್ಲೊಂದು ಕಾಲುದಾರಿ. ಮಾತಾಡುವವರು ಮೂವರು: ನದಿಗಳ ಬಗ್ಗೆ ಕೆಲಸ ಮಾಡುವ ವಸುಧಾ, ತತ್ವಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಸುಧೀಂದ್ರ, ಮಗನ ಮನೆಗೆ ಬಂದಿರುವ ಜಮಖಂಡಿ ಕಡೆಯ ರೈತ ಬಸಪ್ಪ.)

ಸುಧೀಂದ್ರ: ಇಷ್ಟು ದಟ್ಟವಾದ ಕಾಡು. ಇದನ್ನು ಬೆಳೆಸಿದವರು ಯಾರು?

ವಸುಧಾ: ಯಾರೂ ಬೆಳೆಸಲಿಲ್ಲ. 1985ರಲ್ಲಿ ಇಲ್ಲಿ ಒಡ್ಡು ಒಡೆದು, ಸುಮಾರು 15 ಎಕರೆ ಹೊಲದ ಮೇಲೆ ಹೊಳೆ ಮರಳು ಸುರಿದು ಹೋಯಿತು. ರೈತ ಆ ತುಂಡನ್ನು ಮತ್ತೆ ಉಳುವ ಗೋಜಿಗೆ ಹೋಗಲಿಲ್ಲ. ಕಾಟನ್‌ವುಡ್, ವಿಲೋ ತಾವಾಗಿ ಎದ್ದವು. ಅದೇ ಕಾಲದಲ್ಲಿ ಬೇರೆ ಕಡೆ ಸ್ವಯಂಸೇವಕರು ಓಕ್ ಬೀಜಗಳನ್ನು ಒಂದೊಂದಾಗಿ ಊರಿ, ನೀರು ಹನಿಸಿ, ಕಳೆ ಕಿತ್ತು ಬೆವರು ಸುರಿಸುತ್ತಿದ್ದರು. ಯಾರೂ ಮುಟ್ಟದ ಈ ಜಾಗವೇ ಮುಂದೆ ಹೋಯಿತು. ಅದನ್ನು ನೋಡಿ 1995ರಲ್ಲಿ ನೇಚರ್ ಕನ್ಸರ್ವೆನ್ಸಿ ಎಂಬ ಸಂರಕ್ಷಣಾ ಸಂಸ್ಥೆಯವರು ಇನ್ನೊಂದು ಕಡೆ ಒಡ್ಡನ್ನು ತಾವೇ ಕಡಿದರು.

ಬಸಪ್ಪ: ತಾವs ಕಡದ್ರಾ! ನಮ್ಮ ಕಡೆ ಒಡ್ಡಿಗೆ ಇಲಿ ತೂತು ಹಾಕಿದ್ರೂ ರಾತ್ರೋರಾತ್ರಿ ಬುಟ್ಟಿ ಮಣ್ಣು ಹೊತಗೊಂಡು ಓಡ್ತೀವಿ. ಒಡ್ಡು ಕಡಿಯೋದು ಅಂದ್ರ ದಾಯಾದಿ ಮಾಡೋ ಕೆಲಸ.

ಸುಧೀಂದ್ರ: ನೋಡಿ, ಮೊದಲ ಸಲ ಒಡೆದದ್ದು ಅವಘಡ. ಎರಡನೆಯ ಸಲ ಅದೇ ಯೋಜನೆ. ಜೆಸಿಬಿ ತಂದು, ಎಷ್ಟು ಅಗಲ ಕಡಿಯಬೇಕೆಂದು ಅಳತೆ ಹಾಕಿ, ಆಮೇಲೆ ‘ಪ್ರಕೃತಿಯೇ ಮಾಡಿತು’ ಎನ್ನುವುದರಲ್ಲಿ ಸ್ವಲ್ಪ ನಾಟಕ ಇಲ್ಲವೇ?

ವಸುಧಾ: ಇದೆ. ಆದರೆ ಮರವನ್ನು ಅವರು ನೆಡಲಿಲ್ಲ, ಮರ ಹುಟ್ಟುವ ಸಂದರ್ಭವನ್ನು ಬಿಟ್ಟುಕೊಟ್ಟರು. ಕಾಟನ್‌ವುಡ್ ಬೀಜ ಹಾರುವುದು ವಸಂತದ ಕೊನೆಗೆ, ಹಿಮ ಕರಗಿದ ನೀರು ಇಳಿಯುವ ಹೊತ್ತಿಗೆ. ಆ ಬೀಜಕ್ಕೆ ಜೀವ ಇರುವುದು ಒಂದೆರಡು ವಾರ. ಅಷ್ಟರಲ್ಲಿ ಹುಲ್ಲಿಲ್ಲದ ಒದ್ದೆ ಮರಳು ಸಿಗಬೇಕು. ಮೊಳೆತ ಮೇಲೆ ತೇವ ನಿಧಾನಕ್ಕೆ ಕೆಳಗೆ ಸರಿಯಬೇಕು, ದಿನಕ್ಕೆ ಹೆಚ್ಚೆಂದರೆ ಎರಡೂವರೆ ಸೆಂಟಿಮೀಟರ್‌ನಂತೆ. ಬೇರು ಅದರ ಬೆನ್ನು ಹತ್ತಿ ಇಳಿಯುತ್ತದೆ. ಬೇಗ ಇಳಿದರೆ ಸಸಿ ಒಣಗುತ್ತದೆ, ನಿಂತುಬಿಟ್ಟರೆ ಕೊಳೆಯುತ್ತದೆ.

ಬಸಪ್ಪ: ಹದ. ಇದಕ್ಕ ಇಷ್ಟುದ್ದ ಯಾಕ ಹೇಳ್ತೀಯವ್ವಾ? ಕೃಷ್ಣಾ ಏರಿ ಇಳದ ಮ್ಯಾಲ ಎರಿ ಹೊಲ ಕಾಲು ಕಚ್ಚೋದು ಬಿಟ್ಟಿರಬೇಕು, ಬಿರಕ ಬಿಟ್ಟಿರಬಾರದು. ಆ ನಾಕು ದಿನದಾಗ ಕಡ್ಲಿ ಬಿದ್ದರ ಬೆಳಿ. ತಪ್ಪಿದರ ಬೀಜ ಮಣ್ಣಪಾಲು.

ಸುಧೀಂದ್ರ: ಬಸಪ್ಪನವರು ಒಂದೇ ಮಾತಿನಲ್ಲಿ ಮುಗಿಸಿದರು. ಹಾಗಾದರೆ ಒಡ್ಡು ಹೊಳೆಯಿಂದ ಕಿತ್ತುಕೊಂಡದ್ದು ಬರೀ ನೆಲವನ್ನಲ್ಲ, ಹದವನ್ನೂ ಕೂಡ. ಇದನ್ನು ಒಪ್ಪುತ್ತೇನೆ. ಆದರೆ ಹಿಂದಿರುಗಿಸುವುದು ಎಂದಾಗ ಯಾವ ವರ್ಷಕ್ಕೆ ಹಿಂದಿರುಗುತ್ತೀರಿ? 1862ಕ್ಕೇ? ಆ ಜನವರಿಯಲ್ಲಿ ಈ ಕಣಿವೆ ಸಮುದ್ರದಂತಾಗಿ, ಹೊಸ ಗವರ್ನರ್ ಲೀಲಂಡ್ ಸ್ಟ್ಯಾನ್‌ಫರ್ಡ್ ಪ್ರಮಾಣವಚನಕ್ಕೆ ದೋಣಿಯಲ್ಲಿ ಹೋದರು. ಅದು ಮರಳಿ ಬರಲಿ ಎಂದು ಯಾವ ಪರಿಸರವಾದಿಯೂ ಬಯಸಲಾರ. ಅದಕ್ಕಿಂತ ಹಿಂದೆ ಇಲ್ಲಿ ಮಿವಾಕ್ ಜನರಿದ್ದರು. ಅವರ ನೆಲಕ್ಕೆ ಹಿಂದಿರುಗುವುದಾದರೆ ಅವರು ಎಲ್ಲಿ? 1850ರ ಕಾಯಿದೆ ಜೌಗು ನೆಲವನ್ನೆಲ್ಲ ರಾಜ್ಯದ ಕೈಗೆ ಕೊಟ್ಟಿತು. ನೀರು ಬಸಿದು ಉಳುತ್ತೇನೆ ಎಂದವರಿಗೆ ಎಕರೆಗೆ ಡಾಲರಿನಂತೆ ಮಾರಾಟವಾಯಿತು. ಒಡ್ಡು ಕಟ್ಟಿದ ಕೈಗಳಲ್ಲಿ ಬಹಳಷ್ಟು ಚೀನೀ ಕೂಲಿಕಾರರವು. 1882ರಲ್ಲಿ ಅವರು ದೇಶಕ್ಕೆ ಬರುವುದನ್ನೇ ಕಾನೂನು ತಡೆಯಿತು. ಈ ಕತೆಯಲ್ಲಿ ಎಲ್ಲಿ ಬೆರಳಿಟ್ಟು ‘ಇದೇ ಮೊದಲಿನ ಸ್ಥಿತಿ’ ಎನ್ನುತ್ತೀರಿ?

ವಸುಧಾ: ಎಲ್ಲಿಯೂ ಇಲ್ಲ. ಹಿಂದಕ್ಕೆ ಹೋಗಲು ಆಗುವುದೂ ಇಲ್ಲ, ಅದು ಕೆಳಗಿನ ಡೆಲ್ಟಾ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಸಾವಿರಾರು ವರ್ಷ ಸಸ್ಯಗಳು ನೀರಿನಡಿ ಕೊಳೆಯದೆ ಕೂತು ಆದ ಪೀಟ್ ಮಣ್ಣು. ನೀರು ಬಸಿದೊಡನೆ ಗಾಳಿ ತಾಗಿ ಅದು ಕರಗುತ್ತ ಹೋಯಿತು. ಈಗ ಕೆಲವು ದ್ವೀಪಗಳ ಹೊಲಗಳು ಸಮುದ್ರಮಟ್ಟಕ್ಕಿಂತ 25 ಅಡಿ ಕೆಳಗಿವೆ. ಅಲ್ಲಿ ಒಡ್ಡು ಒಡೆದರೆ ಜೌಗು ಬರುವುದಿಲ್ಲ, ಆಳದ ಕೆರೆಯಾಗುತ್ತದೆ. ಫ್ರಾಂಕ್ಸ್ ಟ್ರ್ಯಾಕ್ಟ್ 1938ರಲ್ಲಿ ಮುಳುಗಿದ್ದು ಇನ್ನೂ ಕೆರೆಯಾಗಿಯೇ ಇದೆ. ಇಲ್ಲಿ ನೆಲ ಕುಸಿದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ ಸಿಯೆರಾ ನೆವಾಡಾದ ಪಶ್ಚಿಮಕ್ಕೆ ಹರಿಯುವ ದೊಡ್ಡ ನದಿಗಳಲ್ಲಿ, ಮುಖ್ಯ ಹರಿವಿಗೆ ಅಡ್ಡವಾಗಿ ದೊಡ್ಡ ಅಣೆಕಟ್ಟೆ ಇಲ್ಲದ್ದು ಇದೊಂದೇ. ಬೇರೆ ನದಿಗಳಲ್ಲಿ ಒಡ್ಡು ತೆಗೆದು ಕೂತರೂ ಮೇಲಿನಿಂದ ನೆರೆಯೇ ಬರುವುದಿಲ್ಲ.

ಬಸಪ್ಪ: ನನ್ನದೊಂದು ಮಾತು ಕೇಳ್ರಿ. ನಮ್ಮ ಹೊಲ ಆಲಮಟ್ಟಿ ಹಿನ್ನೀರಿಗೆ ಹೋತು. ರೊಕ್ಕ ಕೊಟ್ರು, ಇಲ್ಲ ಅನ್ನಂಗಿಲ್ಲ. ಆ ನೀರಿಲೆ ಕೆಳಗ ಯಾರದೋ ಹೊಲ ಹಸರಾತು, ಅದಕ್ಕೂ ನನ್ನ ತಕರಾರಿಲ್ಲ. ಇಲ್ಲಿ ಮೀನಿನ ಸಲುವಾಗಿ, ಕೊಕ್ಕರಿ ಸಲುವಾಗಿ ಹೊಲ ಬಿಡ್ತಾರ ಅಂತೀರಿ. ಬಿಟ್ಟು ಹೋಗಾಂವಗ ಎರಡೂ ಮುಳುಗಡೀನs ಅಲ್ಲೇನ್ರಿ?

ಸುಧೀಂದ್ರ: ಇದಕ್ಕೆ ನಿಜವಾದ ಉತ್ತರ ಬೇಕು, ಸಮಾಧಾನ ಬೇಡ.

ವಸುಧಾ: ಎರಡು ವ್ಯತ್ಯಾಸ ಹೇಳಬಲ್ಲೆ. ಇಲ್ಲಿ ಹೆಚ್ಚಿನ ನೆಲ ಮಾರಲು ಮುಂದೆ ಬಂದವರಿಂದ ಕೊಂಡದ್ದು. ಇಲ್ಲಿಂದ ದಕ್ಷಿಣಕ್ಕೆ ಟ್ಯುವಾಲುಮಿ ನದಿ ಸ್ಯಾನ್ ವಾಕೀನ್ ನದಿಯನ್ನು ಸೇರುವಲ್ಲಿ ಡಾಸ್ ರಿಯೋಸ್ ಅಂತ 1,600 ಎಕರೆ ಇದೆ. ಕೃಷಿಭೂಮಿಯಾಗಿದ್ದದ್ದು, ಕೊಂಡು ಹೊಳೆಗೆ ಬಿಟ್ಟು, 2024ರಲ್ಲಿ ರಾಜ್ಯದ ಉದ್ಯಾನವಾಯಿತು. ಈ ಕೊಸಮ್ನಿಸ್ ಸುತ್ತ ಎಷ್ಟೋ ರೈತರು ಈಗಲೂ ಉಳುತ್ತಿದ್ದಾರೆ. ಕಟ್ಟಡ ಕಟ್ಟುವ ಹಕ್ಕನ್ನಷ್ಟೇ ಮಾರಿಕೊಂಡಿದ್ದಾರೆ. ಚಳಿಗಾಲದಲ್ಲಿ ಭತ್ತದ ಗದ್ದೆಗೆ ನೀರು ನಿಲ್ಲಿಸಿದರೆ ಕ್ರೌಂಚಗಳು ಇಳಿಯುತ್ತವೆ.

ಬಸಪ್ಪ: ತಾನಾಗಿ ಮಾರಿದಾ ಅಂದ್ರ? ಮ್ಯಾಲಿಂದ ಮ್ಯಾಲ ಹೊಳಿ ಬಂದು, ಬ್ಯಾಂಕಿನಾಂವ ಸಾಲ ಕೊಡಲಾರದs, ವಿಮಾದಾಂವ ಕಂತು ಏರಿಸಿದರ, ಆಗ ಯಾರಾದರೂ ಮಾರತಾರ. ಅದಕ್ಕ ಒಪ್ಪಿಗಿ ಅನ್ನಬಹುದು. ಖುಷಿ ಅನ್ನಬ್ಯಾಡ್ರಿ.

ವಸುಧಾ: ಅನ್ನುವುದಿಲ್ಲ. ಎರಡನೆಯದು ನೀರಿನ ರೀತಿ. ಇಲ್ಲಿ ನೀರು ಬಂದು ಹೋಗುತ್ತದೆ. ಡೇವಿಸ್ ವಿಶ್ವವಿದ್ಯಾಲಯದ ಸಂಶೋಧಕರು ಸಾಲ್ಮನ್ ಮರಿಗಳನ್ನು ಬಲೆಪಂಜರದಲ್ಲಿಟ್ಟು, ಕೆಲವನ್ನು ನದಿಯಲ್ಲಿ, ಕೆಲವನ್ನು ಈ ನೆರೆನೆಲದಲ್ಲಿ ಬೆಳೆಸಿ ನೋಡಿದರು. ನೆರೆನೆಲದವು ಬೇಗ ದೊಡ್ಡವಾದವು. ತೆಳುವಾಗಿ ಹರಡಿದ ನೀರು ಬೆಚ್ಚಗಾಗುತ್ತದೆ, ಪಾಚಿ ಹಬ್ಬುತ್ತದೆ, ಅದನ್ನು ತಿನ್ನುವ ಸೂಕ್ಷ್ಮ ಜೀವಿಗಳು ಹೆಚ್ಚುತ್ತವೆ, ಮರಿಗೆ ಹೊಟ್ಟೆ ತುಂಬ ಊಟ. ಅದೇ ನೀರು ಬೇಸಿಗೆಯವರೆಗೂ ಹೊಂಡಗಳಲ್ಲಿ ನಿಂತರೆ ಹೊರಗಿನಿಂದ ತಂದುಬಿಟ್ಟ ಕಾರ್ಪ್, ಬಾಸ್ ಮೀನುಗಳ ರಾಜ್ಯ. ಊರಿನ ಮೀನಿಗೆ ನೆರೆ ಬರುವುದೂ ಬೇಕು, ಒಣಗುವುದೂ ಬೇಕು.

ಬಸಪ್ಪ: ನಮ್ಮ ಹಿನ್ನೀರೂ ಬ್ಯಾಸಗಿಗೆ ಸರಿತೈತಿ. ಆದರ ಅದು ಗೇಟಿನ ಲೆಕ್ಕ, ಆಕಾಶದ ಲೆಕ್ಕ ಅಲ್ಲ. ಯಾವಾಗ ಬಿಡತಾರ, ಯಾವಾಗ ತುಂಬತಾರ, ನಮಗ ಹೇಳಾವರಿಲ್ಲ. ಈ ವ್ಯತ್ಯಾಸ ಒಪ್ಪಿದೆ ನೋಡವ್ವಾ.

ಸುಧೀಂದ್ರ: ನನಗೆ ಕಾಡುವುದು ಒಡೆತನ. ಕಾನೂನಿನ ಕಣ್ಣಿಗೆ ಹೊಲ ಎಂದರೆ ನಾಲ್ಕು ಗಡಿಯೊಳಗೆ ಅಲುಗಾಡದೆ ಇರುವ ವಸ್ತು. ಇಲ್ಲಿಯ ನೆಲ ಹಾಗಲ್ಲ. ನಾಲ್ಕು ತಿಂಗಳು ಅದು ನದಿ, ಎಂಟು ತಿಂಗಳು ನೆಲ. ಕೆಲವು ವರ್ಷ ಇಡೀ ವರ್ಷ ನೆಲವೇ. ಇಂಥದ್ದನ್ನು ಒಬ್ಬರ ಹೆಸರಿಗೆ ಬರೆದುಕೊಟ್ಟದ್ದೇ ಜಗಳದ ಮೂಲ.

ಬಸಪ್ಪ: ಉತಾರದಾಗ ಹೊಳಿ ಹೆಸರು ಎಲ್ಲಿ ಬರಸ್ತೀರಿ ಸರ? ಬರಸಿದ್ರೂ ತಲಾಟಿ ಹೊಳೀನ್ನ ಸಹಿಗೆ ಕರೀತಾನೇನು? ಹೊಳಿ ಹೆಸರಿಲೆ ಯಾರೋ ಒಬ್ಬಾಂವ ಸಹಿ ಮಾಡತಾನ. ಆಂವ ಯಾರು ಅನ್ನೋದs ನನಗ ಅಂಜಿಕಿ.

ಸುಧೀಂದ್ರ: ಅದು ನನ್ನ ಅಂಜಿಕೆಯೂ ಹೌದು. ನದಿಯ ಸ್ವಾತಂತ್ರ್ಯ ಎಂದು ಹೇಳುವವರ ಬಾಯಲ್ಲಿ ನದಿ ಬಲು ಸೌಮ್ಯ. 2022ರ ಕೊನೆಯ ರಾತ್ರಿ ಇದೇ ಕೊಸಮ್ನಿಸ್ ಒಡ್ಡುಗಳನ್ನು ಒಡೆದು 99ನೇ ಹೆದ್ದಾರಿಗೆ ನುಗ್ಗಿತು. ಕಾರುಗಳಲ್ಲಿ ಜನ ಸತ್ತರು. ಆ ರಾತ್ರಿಯನ್ನು ಈ ಚಂದದ ಕಾಡಿನ ಪಕ್ಕದಲ್ಲೇ ಇಟ್ಟು ಮಾತಾಡಬೇಕು.

ವಸುಧಾ: ಇಟ್ಟೇ ಮಾತಾಡುತ್ತೇನೆ. ಒಡ್ಡು ನೆರೆಯನ್ನು ಇಲ್ಲವಾಗಿಸುವುದಿಲ್ಲ, ಎದುರು ದಡದವನಿಗೋ ಕೆಳಗಿನವನಿಗೋ ದಾಟಿಸುತ್ತದೆ. ನಾನು ಒಂದಡಿ ಏರಿಸಿದರೆ ನೀವೂ ಏರಿಸಬೇಕು. ಮನೆಯಿಲ್ಲದ ಕಡೆ ಹರಡಲು ಬಿಟ್ಟರೆ ಆ ಏರಿಸುವ ಪೈಪೋಟಿ ಸ್ವಲ್ಪ ತಗ್ಗುತ್ತದೆ. ಆದರೆ ಈ 15 ಎಕರೆಯೋ 1995ರಲ್ಲಿ ಒಡ್ಡು ಕಡಿದ ಆ ಜಾಗವೋ ದೊಡ್ಡ ನೆರೆಯನ್ನು ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ಬಹಳ ದೊಡ್ಡ ಹರವು ಬೇಕು. ಹಣ ಕೇಳುವಾಗ ನಮ್ಮವರು ಈ ಮಾತನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ಸುಧೀಂದ್ರ: ಮತ್ತೆ ಡಾಸ್ ರಿಯೋಸ್‌ನಲ್ಲಿ ಲಕ್ಷಗಟ್ಟಲೆ ಗಿಡ ನೆಟ್ಟರಂತೆ. ಮೊಲಗಳಿಗೆ ಅಂತ ಮಣ್ಣಿನ ದಿಬ್ಬ ಕಟ್ಟಿದ್ದಾರಂತೆ. ಹಾಗಾದರೆ ಅದು ತೋಟವಲ್ಲವೇ?

ವಸುಧಾ: ನದಿದಂಡೆಯ ಪೊದೆಮೊಲ ಅಳಿವಿನಂಚಿನಲ್ಲಿದೆ. ಮೊದಲು ನೆರೆ ಬಂದರೆ ಎತ್ತರದ ನೆಲಕ್ಕೆ ಓಡುತ್ತಿತ್ತು. ಈಗ ಎತ್ತರದ ನೆಲವೆಲ್ಲ ಬೇರೆಯವರ ತೋಟ. ದಿಬ್ಬ ಕಟ್ಟದೆ ನೀರು ಬಿಟ್ಟರೆ ಮೊಲ ಸಾಯುತ್ತದೆ. ಕೈ ಕಟ್ಟಿ ಕೂರುವುದು ಇಲ್ಲಿ ನ್ಯಾಯವಾಗುವುದಿಲ್ಲ.

ಬಸಪ್ಪ: ಮೊಲಕ್ಕ ದಿಬ್ಬ ಕಟ್ಟಿ ಆಮ್ಯಾಲ ನೀರು ಬಿಟ್ರು. ನಮ್ಮಲ್ಲಿ ನೀರು ಬಂದ ಮ್ಯಾಲ ದಿಬ್ಬ ಹುಡಿಕ್ಯಾಡಿದಿವಿ. ಇರ್ಲಿ. ಅದೇನು, ಆ ಕಡೆ ಹೊಳಿ ಪಾತ್ರ ಒಣಗಿದಂಗ ಕಾಣತೈತಿ? ಅಣೆಕಟ್ಟಿಲ್ಲ ಅಂದಿ.

ವಸುಧಾ: ಬೇಸಿಗೆಯ ಕೊನೆಗೆ, ಶರತ್ಕಾಲಕ್ಕೆ ಕೆಳಭಾಗ ಒಣಗಿಬಿಡುತ್ತದೆ. ಸುತ್ತಲಿನ ಕೊಳವೆಬಾವಿಗಳು ಅಂತರ್ಜಲವನ್ನು ಹೊಳೆಯ ತಳಕ್ಕಿಂತ ಬಹಳ ಕೆಳಗೆ ಇಳಿಸಿವೆ. ಮೊದಲ ಮಳೆಯ ನೀರನ್ನು ಪಾತ್ರವೇ ಕುಡಿಯುತ್ತದೆ. ಮೊಟ್ಟೆ ಇಡಲು ಸಮುದ್ರದಿಂದ ಬಂದ ಸಾಲ್ಮನ್ ಕೆಳಗೇ ಕಾಯಬೇಕು. ಮಳೆ ಬೇಗ ಬಂದ ವರ್ಷ ಹತ್ತುತ್ತವೆ, ತಡವಾದರೆ ಇಲ್ಲ.

ಸುಧೀಂದ್ರ: ಅಂದರೆ ಒಡ್ಡಿನ ಒಳಗಿನ ಹೊಲ ಕೊಂಡದ್ದು ಸುಲಭದ ಪಾಲು. ಹೊರಗಿನ ಹೊಲದವನು ತನ್ನ ಗಡಿಯೊಳಗೇ ನಿಂತು ಗುಂಡಿ ಒತ್ತಿ ಹೊಳೆಯನ್ನು ಖಾಲಿ ಮಾಡುತ್ತಿದ್ದಾನೆ. ಅವನ ಮೇಲೆ ನಿಮಗೆ ಯಾವ ಹಕ್ಕಿದೆ?

ವಸುಧಾ: 2014ರಲ್ಲಿ ಅಂತರ್ಜಲದ ಕಾನೂನು ಬಂದಿದೆ. ಸಮತೋಲಕ್ಕೆ ತರಲು 2040ರ ಸುಮಾರಿನವರೆಗೆ ಗಡುವು.

ಬಸಪ್ಪ: ಅಲ್ಲೀತನಕ ಬೋರು ನಡೀತಾವ. ನಡಿಸದs ಏನ ಮಾಡತಾನ ಪಾಪ, ಆಂವಗೂ ಸಾಲ ಇರತೈತಿ. ನಾ ಮೂರು ಬೋರು ಹೊಡಸೀನಿ, ನನಗ ಗೊತ್ತದ. ವಸುಧಾ, ಈ ಕಾಡು ನೋಡಿದ್ದು ಸಾಕು. ಆ ಪಂಪಿನ ಮನಿಯವರ ಕಡೆ ಕರಕೊಂಡು ಹೋಗು. ಎಷ್ಟು ಅಡಿಗೆ ನೀರೈತಿ, ಹ್ವಾದ ವರ್ಷ ಎಷ್ಟಿತ್ತು, ಕೇಳೋಣು.