ಆಫ್ರಿಕಾ ಎಂಬ ಹೆಸರು ಯಾರದು?

ಭೂಮಿ ಒಂದೇ ಆಗಿರುವಾಗ ಅದಕ್ಕೆ ಮೂರು ಹೆಸರು ಏಕೆ? ಅವು ಮೂರೂ ಹೆಂಗಸರ ಹೆಸರಾದದ್ದು ಹೇಗೆ? ನಡುವೆ ಗಡಿ ಎಳೆದವರು ಯಾರು? ಕ್ರಿಸ್ತಪೂರ್ವ ಐದನೇ ಶತಮಾನದಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಇಷ್ಟನ್ನೂ ಕೇಳಿದ. ಉತ್ತರ ತನಗೆ ತಿಳಿಯದು ಎಂದೂ ಬರೆದಿಟ್ಟ. ಯುರೋಪ, ಏಷ್ಯಾ, ಲಿಬಿಯಾ ಎಂಬವು ಆ ಮೂರು ಹೆಸರುಗಳು. ಅವನು ಲಿಬಿಯಾ ಎಂದದ್ದು ನಾವಿಂದು ಆಫ್ರಿಕಾ ಎನ್ನುವ ಖಂಡವನ್ನು. ತಿಳಿಯದ್ದನ್ನು ತಿಳಿಯದು ಎನ್ನುವ ಆ ಪ್ರಾಮಾಣಿಕತೆ ಎಲ್ಲರಿಗೂ ಬರಲಿಲ್ಲ. ಮುಂದಿನ ಎರಡು ಸಾವಿರ ವರ್ಷಗಳಲ್ಲಿ ಆಫ್ರಿಕಾ ಎಂಬ ಪದದ ಸುತ್ತ ಬೆಳೆದ ಕಥೆಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ನಿಶ್ಚಿತವಾಗಿ ಗೊತ್ತಿರುವುದು ಸ್ವಲ್ಪ. ಇಂದಿನ ಟ್ಯುನೀಸಿಯಾದ ಕರಾವಳಿಯಲ್ಲಿ ಕಾರ್ಥೇಜ್ ಎಂಬ ದೊಡ್ಡ ವ್ಯಾಪಾರ ನಗರವಿತ್ತು. ಅದರ ಆಸುಪಾಸಿನ ಸ್ಥಳೀಯ ಜನರನ್ನು ರೋಮನರು ‘ಆಫ್ರಿ’ ಎಂದು ಕರೆಯುತ್ತಿದ್ದರು, ಒಬ್ಬನಾದರೆ ‘ಆಫೆರ್’. ಕ್ರಿ.ಪೂ. 146ರಲ್ಲಿ ರೋಮನರು ಕಾರ್ಥೇಜನ್ನು ನೆಲಸಮ ಮಾಡಿ, ಗೆದ್ದ ನೆಲವನ್ನು ಆಫ್ರಿಕಾ ಎಂಬ ಪ್ರಾಂತವಾಗಿಸಿದರು. ಆಗ ಆ ಹೆಸರಿಗೆ ಸೇರಿದ್ದು ಟ್ಯುನೀಸಿಯಾದ ಒಂದು ಭಾಗ ಮಾತ್ರ. ಏಳನೇ ಶತಮಾನದಲ್ಲಿ ಬಂದ ಅರಬ್ಬರು ಅದನ್ನೇ ‘ಇಫ್ರೀಕಿಯಾ’ ಎಂದು ಉಳಿಸಿಕೊಂಡರು. ಅವರಿಗೂ ಅದು ಖಂಡದ ಹೆಸರಾಗಿರಲಿಲ್ಲ. ಅದರ ಪಶ್ಚಿಮಕ್ಕೆ ಇದ್ದದ್ದು ಸೂರ್ಯ ಮುಳುಗುವ ನಾಡು ‘ಮಗ್ರಿಬ್’. ಸಹಾರಾದಾಚೆ ಇದ್ದದ್ದು ಕರಿಯರ ನಾಡು ‘ಬಿಲಾದ್ ಅಸ್ಸೂದಾನ್’. ಯುರೋಪಿನವರ ನಕ್ಷೆಗಳಲ್ಲಿ ಮಾತ್ರ ಆ ಪ್ರಾಂತದ ಹೆಸರು ಮೆಲ್ಲಮೆಲ್ಲನೆ ಹಿಗ್ಗಿ ಕೊನೆಗೆ ದಕ್ಷಿಣ ತುದಿಯ ಕೇಪಿನವರೆಗೂ ಹಬ್ಬಿತು.

ಆಫ್ರಿ ಎಂಬ ಪದಕ್ಕೆ ಅರ್ಥವೇನು ಎಂಬಲ್ಲಿಂದ ಊಹೆಗಳು ಶುರುವಾಗುತ್ತವೆ. ಕಾರ್ಥೇಜ್ ಕಟ್ಟಿದ ಫಿನೀಷಿಯನ್ನರ ಭಾಷೆಯಲ್ಲಿ ‘ಅಫರ್’ ಎಂದರೆ ಧೂಳು. ಉತ್ತರ ಆಫ್ರಿಕಾದ ಬರ್ಬರರ ನುಡಿಯಲ್ಲಿ ‘ಇಫ್ರಿ’ ಎಂದರೆ ಗವಿ. ಒಂದನೇ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್, ಅಬ್ರಹಾಮನ ಮೊಮ್ಮಗನೊಬ್ಬ ಲಿಬಿಯಾವನ್ನು ಗೆದ್ದದ್ದರಿಂದ ಈ ಹೆಸರು ಬಂತು ಎಂದ. ಅರಬ್ ಲೇಖಕರು ಯೆಮೆನ್ನಿನ ಇಫ್ರೀಕಿಶ್ ಎಂಬ ರಾಜನನ್ನು ತಂದರು. ಸೆವಿಲ್ಲೆಯ ಬಿಷಪ್ ಇಸಿದೋರ್, ಲ್ಯಾಟಿನ್ನಿನ ‘ಅಪ್ರಿಕಾ’, ಅಂದರೆ ಬಿಸಿಲು ಕಾಯುವ ನೆಲ ಎಂಬ ಪದವೇ ಮೂಲ ಎಂದ. ಗ್ರೀಕಿನಲ್ಲಿ ‘ಚಳಿಯಿಲ್ಲದ್ದು’ ಎಂದು ಬಿಡಿಸಿದವರೂ ಇದ್ದಾರೆ.

ಇವುಗಳನ್ನು ಒರೆಗೆ ಹಚ್ಚುವುದು ಕಷ್ಟವಲ್ಲ. ರೋಮನರಿಗೆ ಮೊದಲು ಗೊತ್ತಿದ್ದದ್ದು ಜನರ ಹೆಸರು, ಆಮೇಲೆ ನೆಲದ್ದು. ಹಾಗಿದ್ದ ಮೇಲೆ ಬಿಸಿಲಿನಿಂದಲೋ ಚಳಿಯಿಂದಲೋ ಹೆಸರು ಹುಟ್ಟಿತು ಎನ್ನುವುದು ನಿಲ್ಲುವುದಿಲ್ಲ. ಗ್ರೀಕರು ಆ ನೆಲವನ್ನು ಲಿಬಿಯಾ ಎನ್ನುತ್ತಿದ್ದರು. ಗ್ರೀಕ್ ಮೂಲಕ್ಕೆ ಅಲ್ಲೇ ಪೆಟ್ಟು ಬೀಳುತ್ತದೆ. ಅಬ್ರಹಾಮನ ಮೊಮ್ಮಗನೂ ಯೆಮೆನ್ನಿನ ರಾಜನೂ ಹೆಸರಿನಿಂದ ಹುಟ್ಟಿದ ಪೂರ್ವಜರು. ಊರ ಹೆಸರಿಗೆ ಒಬ್ಬ ರಾಕ್ಷಸನನ್ನೋ ಋಷಿಯನ್ನೋ ಹೊಂದಿಸುವ ಸ್ಥಳಪುರಾಣಗಳನ್ನು ಓದಿ ಬೆಳೆದ ನಮಗೆ ಈ ಬಗೆಯ ಪೂರ್ವಜರ ಪರಿಚಯ ಚೆನ್ನಾಗಿಯೇ ಇದೆ. ಉಳಿಯುವ ಧೂಳು, ಗವಿಗಳಲ್ಲಿ ಯಾವುದನ್ನೂ ಖಚಿತವಾಗಿ ಸಾಧಿಸಲು ಆಗಿಲ್ಲ.

ಯುನೆಸ್ಕೋ 1964ರಲ್ಲಿ ಕೈಗೆತ್ತಿಕೊಂಡ ‘ಆಫ್ರಿಕಾದ ಸಾಮಾನ್ಯ ಇತಿಹಾಸ’ದ ಮೊದಲ ಸಂಪುಟ 1981ರಲ್ಲಿ ಹೊರಬಂತು. ಬುರ್ಕಿನಾ ಫಾಸೋದ ವಿದ್ವಾಂಸ ಜೋಸೆಫ್ ಕಿ-ಜೆರ್ಬೋ ಅದರ ಸಂಪಾದಕರು. ಹೆಸರಿನ ಬಗೆಗಿನ ಊಹೆಗಳನ್ನು ಅದು ಸಾಲಾಗಿ ಕೊಡುತ್ತದೆ. ಅವುಗಳಲ್ಲಿ ಒಂದು ನಮ್ಮ ಕಡೆಯದು: ಸಂಸ್ಕೃತದ ‘ಅಪರ’, ಅಂದರೆ ಪಶ್ಚಿಮ. ಇದನ್ನು ಓದಿ ಒಬ್ಬ ಭಾರತೀಯನಿಗೆ ಸಂತೋಷವಾಗುವುದು ಸಹಜ. ಆದರೆ ಪರರ ಕಥೆಗೆ ಹಚ್ಚಿದ ಒರೆಗಲ್ಲನ್ನೇ ನಮ್ಮ ಕಥೆಗೂ ಹಚ್ಚಬೇಕು. ಸಂಸ್ಕೃತದಲ್ಲಿ ‘ಅಪರಾಂತ’ ಎಂಬ ನಾಡು ಇದೆ. ಅದು ಕೊಂಕಣ ಕರಾವಳಿ. ಅಲ್ಲಿಂದ ಕಾರ್ಥೇಜಿನ ಹಳ್ಳಿಗಳಿಗೆ ಆ ಪದ ನಡೆದು ಹೋದದ್ದಕ್ಕೆ ಹೆಜ್ಜೆ ಗುರುತಿಲ್ಲ. ದನಿ ಹೋಲುತ್ತದೆ ಎಂಬುದಷ್ಟೇ ಆಧಾರವಾದರೆ ಜಗತ್ತಿನ ಯಾವ ಪದವನ್ನಾದರೂ ಯಾವ ಭಾಷೆಗಾದರೂ ಕಟ್ಟಿಹಾಕಬಹುದು.

ಹೀಗೆ ಕಟ್ಟಿಹಾಕುವ ಆಸೆ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದಾಖಲೆ ಇದೆ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಫ್ರಾನ್ಸಿಸ್ ವಿಲ್ಫರ್ಡ್ 1792ರಲ್ಲಿ ‘ಏಷಿಯಾಟಿಕ್ ರಿಸರ್ಚಸ್’ ಸಂಪುಟದಲ್ಲಿ ದೀರ್ಘ ಲೇಖನವೊಂದನ್ನು ಪ್ರಕಟಿಸಿದ. ಪುರಾಣಗಳ ಸಪ್ತದ್ವೀಪಗಳಲ್ಲಿ ಒಂದಾದ ಕುಶದ್ವೀಪದಲ್ಲಿ ಇಥಿಯೋಪಿಯಾ ಸೇರಿದೆ, ನೈಲ್ ನದಿಯ ಮೂಲವನ್ನು ಹಿಂದೂಗಳು ಬಲ್ಲವರಾಗಿದ್ದರು ಎಂಬುದು ಅವನ ವಾದ. ಯುರೋಪಿನ ವಿದ್ವತ್ತು ಬೆರಗಾಯಿತು. 1805ರಲ್ಲಿ ಅವನೇ ಸತ್ಯವನ್ನು ಒಪ್ಪಿಕೊಂಡ: ಅವನಿಗೆ ಬೇಕಾದುದನ್ನು ಅರಿತ, ಅವನ ಬಳಿ ಕೆಲಸಕ್ಕಿದ್ದ ಪಂಡಿತ ಹಸ್ತಪ್ರತಿಗಳಲ್ಲಿ ಹೆಸರುಗಳನ್ನು ತಿದ್ದಿ, ತಾನೇ ರಚಿಸಿದ ಶ್ಲೋಕಗಳನ್ನು ಸೇರಿಸಿದ್ದ. ಒಪ್ಪಿಕೊಂಡ ಮೇಲೂ ಕಥೆ ಸಾಯಲಿಲ್ಲ. ನೈಲ್ ಮೂಲವನ್ನು ಹುಡುಕಿ ಹೊರಟ ಜಾನ್ ಸ್ಪೀಕ್ 1863ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ವಿಲ್ಫರ್ಡನ ಲೇಖನವನ್ನೂ ನಕ್ಷೆಯನ್ನೂ ಹೊಗಳಿದ್ದಾನೆ. ಕೇಳುವವನಿಗೆ ಒಂದೇ ಉತ್ತರ ಬೇಕಾಗಿದ್ದಾಗ ಹೇಳುವವನು ಅದನ್ನು ಒದಗಿಸಿಯೇ ಒದಗಿಸುತ್ತಾನೆ. ಸತ್ಯಕ್ಕೆ ಅಪಾಯ ಇರುವುದು ಇಲ್ಲಿ.

ಇಂದು ಹಲವರ ಬಾಯಲ್ಲಿ ಇನ್ನೊಂದು ಹೆಸರು ಹರಿದಾಡುತ್ತಿದೆ: ‘ಅಲ್ಕೆಬುಲಾನ್’. ಇದೇ ಖಂಡದ ಮೂಲ ಹೆಸರು, ಇದರ ಅರ್ಥ ‘ಮನುಕುಲದ ತಾಯಿ’ ಎನ್ನುತ್ತಾರೆ. ಇದನ್ನು ಬೆಂಬಲಿಸುವ ಪ್ರಾಚೀನ ಶಾಸನವನ್ನಾಗಲಿ ಹಸ್ತಪ್ರತಿಯನ್ನಾಗಲಿ ಯಾರೂ ತೋರಿಸಿಲ್ಲ. ಆದರೂ ಇದನ್ನು ಹಿಡಿದುಕೊಂಡವರನ್ನು ಹಗುರವಾಗಿ ಕಾಣಬಾರದು. ಅವರ ಎದೆಯಲ್ಲಿರುವ ಗಾಯ ನಿಜ. ಆಫ್ರಿಕಾ ವಿಶ್ವ ಇತಿಹಾಸದ ಭಾಗವೇ ಅಲ್ಲ ಎಂದು ಜರ್ಮನಿಯ ಹೆಗೆಲ್‌ನಂಥ ದೊಡ್ಡ ತತ್ವಜ್ಞಾನಿ ಪಾಠ ಹೇಳಿದ. ಅನ್ವೇಷಕ ಸ್ಟಾನ್ಲಿ 1878ರ ತನ್ನ ಪುಸ್ತಕದ ಹೆಸರಿನಲ್ಲೇ ಅದನ್ನು ಕತ್ತಲ ಖಂಡವೆಂದು ಸಾರಿದ. ಇಷ್ಟು ಅವಮಾನ ಉಂಡವರು ಗೌರವದ ಹೆಸರೊಂದನ್ನು ಹುಡುಕುವುದರಲ್ಲಿ ತಪ್ಪೇನಿದೆ? ತಪ್ಪು ಇರುವುದು ಗೌರವಕ್ಕೆ ಸುಳ್ಳಿನ ಆಸರೆ ಕೊಡುವುದರಲ್ಲಿ. ಆ ಆಸರೆಯ ಅಗತ್ಯವೂ ಇಲ್ಲ. ಮೊರಾಕ್ಕೋದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ ಸುಮಾರು 3 ಲಕ್ಷ ವರ್ಷ ಹಿಂದಿನ ಮೂಳೆಗಳು, ಇಥಿಯೋಪಿಯಾದ ಓಮೋ ಕಣಿವೆಯ ತಲೆಬುರುಡೆಗಳು, ನಮ್ಮೆಲ್ಲರ ರಕ್ತದಲ್ಲಿರುವ ವಂಶವಾಹಿಗಳು, ಎಲ್ಲವೂ ಮನುಷ್ಯಕುಲ ಆ ಖಂಡದಲ್ಲೇ ಹುಟ್ಟಿತೆಂದು ಸಾರುತ್ತಿವೆ. ಆಫ್ರಿಕಾ ಮನುಕುಲದ ತಾಯಿ ಎಂಬುದು ಸಾಕ್ಷ್ಯವಿರುವ ಸತ್ಯ. ಅದನ್ನು ಹೇಳಲು ಕಲ್ಪಿತ ಪದದ ಹಂಗು ಬೇಡ.

ಪದ ಎಲ್ಲಿಂದ ಬಂತು ಎಂಬುದು ವಿದ್ವಾಂಸರ ಪ್ರಶ್ನೆ. ಆ ಪದ ಹೊತ್ತ ಮನುಷ್ಯನಿಗೆ ಏನಾಯಿತು ಎಂಬುದು ನಮ್ಮೆಲ್ಲರ ಪ್ರಶ್ನೆ. ಮೂವರ ಬದುಕನ್ನು ನೋಡೋಣ. ಕ್ರಿ.ಪೂ. 202ರ ಜಾಮಾ ಯುದ್ಧದಲ್ಲಿ ಕಾರ್ಥೇಜಿನ ಹ್ಯಾನಿಬಾಲನನ್ನು ಸೋಲಿಸಿದ ರೋಮಿನ ಸೇನಾನಿ ಸ್ಕಿಪಿಯೋಗೆ ‘ಆಫ್ರಿಕಾನಸ್’ ಎಂಬ ಬಿರುದು ಬಂತು. ಅದಾದ ಕೆಲವು ದಶಕಗಳಲ್ಲಿ ಕಾರ್ಥೇಜಿನಿಂದ ಗುಲಾಮನಾಗಿ ರೋಮಿಗೆ ಬಂದ ಹುಡುಗನೊಬ್ಬ ಯಜಮಾನನಿಂದ ಬಿಡುಗಡೆ ಪಡೆದು ನಾಟಕಕಾರನಾದ. ಅವನ ಹೆಸರು ಪುಬ್ಲಿಯಸ್ ಟೆರೆಂಟಿಯಸ್ ಆಫೆರ್. ಸೇನಾನಿಗೆ ಆ ನೆಲದ ಹೆಸರು ಗೆಲುವಿನ ಪದಕ. ನಾಟಕಕಾರನಿಗೆ ಎಲ್ಲಿಂದ ತಂದವನು ಎಂಬ ಗುರುತುಚೀಟಿ. ಆದರೆ ಆ ಗುಲಾಮ ಬರೆದ ಆರು ನಾಟಕಗಳು ಇಂದಿಗೂ ಉಳಿದಿವೆ. ಅವುಗಳ ಒಂದು ಪಾತ್ರ ಆಡಿದ ‘ನಾನು ಮನುಷ್ಯ, ಮನುಷ್ಯರದು ಯಾವುದೂ ನನಗೆ ಹೊರಗಿನದಲ್ಲ’ ಎಂಬ ಮಾತು ಯುರೋಪಿನ ಮಾನವತಾವಾದಿಗಳು ಶತಮಾನಗಳಿಂದ ಎದೆಗೊತ್ತಿಕೊಂಡ ಮಾತಾಗಿದೆ. ಮೂರನೆಯವನು ಗ್ರನಾಡಾದಲ್ಲಿ ಹುಟ್ಟಿ ಫೆಜ್‌ನಲ್ಲಿ ಬೆಳೆದ ಅಲ್ ಹಸನ್ ಅಲ್ ವಜ್ಜಾನ್. ಕಡಲುಗಳ್ಳರು ಅವನನ್ನು ಹಿಡಿದು ಪೋಪ್ ಹತ್ತನೇ ಲಿಯೋಗೆ ಒಪ್ಪಿಸಿದರು. 1520ರಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು, ಪೋಪನ ಹೆಸರನ್ನೇ ಇಟ್ಟರು. ಜಗತ್ತು ಅವನನ್ನು ಲಿಯೋ ಆಫ್ರಿಕಾನಸ್ ಎಂದು ತಿಳಿದಿದೆ. ತಂದೆತಾಯಿ ಇಟ್ಟ ಹೆಸರು ಸೆರೆಯಲ್ಲಿ ಹೋಯಿತು. 1550ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅವನ ಆಫ್ರಿಕಾ ವರ್ಣನೆಯಿಂದಲೇ ಯುರೋಪು ಬಹುಕಾಲ ಟಿಂಬಕ್ಟುವನ್ನು ಅರಿತದ್ದು.

ಹೆಸರಿಡುವುದು ಅಧಿಕಾರದ ಕೆಲಸ. ಗ್ರೀಕರು ಇಟ್ಟ ‘ಇಥಿಯೋಪಿಯಾ’ಕ್ಕೆ ಸುಟ್ಟ ಮುಖದವರ ನಾಡೆಂದು ಅರ್ಥ ಹೇಳುತ್ತಾರೆ. ಯುರೋಪಿನ ವರ್ತಕರು ಪಶ್ಚಿಮದ ಕರಾವಳಿಯನ್ನು ತಮಗೆ ಸಿಕ್ಕ ಸರಕಿನಿಂದ ಕರೆದರು: ಚಿನ್ನದ ಕರಾವಳಿ, ದಂತದ ಕರಾವಳಿ, ಗುಲಾಮರ ಕರಾವಳಿ. ಮನುಷ್ಯರು ಚಿನ್ನ, ದಂತಗಳ ಸಾಲಿನಲ್ಲಿ ನಿಂತರು. 1884ರ ನವೆಂಬರಿನಿಂದ 1885ರ ಫೆಬ್ರವರಿಯವರೆಗೆ ನಡೆದ ಬರ್ಲಿನ್ ಸಮ್ಮೇಳನದಲ್ಲಿ 14 ದೇಶಗಳು ಕುಳಿತು ಆ ಖಂಡವನ್ನು ಹಂಚಿಕೊಳ್ಳುವ ನಿಯಮ ಮಾಡಿದವು. ಅಲ್ಲಿ ಆಫ್ರಿಕಾದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಒಂದು ದೊಡ್ಡ ಪ್ರದೇಶಕ್ಕೆ ಸೆಸಿಲ್ ರೋಡ್ಸ್ ಎಂಬ ಗಣಿ ಒಡೆಯನ ಹೆಸರು ಬಿತ್ತು: ರೊಡೇಶಿಯಾ. ಅಲ್ಲಿನ ಬೃಹತ್ ಕಲ್ಲಿನ ಕಟ್ಟಡಗಳನ್ನು ಕರಿಯರು ಕಟ್ಟಿರಲು ಸಾಧ್ಯವಿಲ್ಲ, ಫಿನೀಷಿಯನ್ನರೋ ಶೀಬಾ ರಾಣಿಯೋ ಕಟ್ಟಿಸಿರಬೇಕು ಎಂದು ವಸಾಹತುಗಾರರು ನಂಬಿಸಿದರು. 1905ರಲ್ಲಿ ಡೇವಿಡ್ ರಾಂಡಲ್ ಮೆಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ನೆಲ ಅಗೆದು ನೋಡಿ, ಅದು ಆಫ್ರಿಕನ್ನರದೇ ಕೆಲಸ ಎಂದು ತೋರಿಸಿದರು. 1980ರಲ್ಲಿ ಸ್ವತಂತ್ರವಾದ ದೇಶ ಆ ಕಲ್ಲುಮನೆಗಳ ಹೆಸರನ್ನೇ ತನ್ನದಾಗಿಸಿಕೊಂಡಿತು: ಜಿಂಬಾಬ್ವೆ. ಸಾಕ್ಷ್ಯಕ್ಕೆ ನಿಷ್ಠೆಯಿಂದ ದುಡಿದವರೇ ಇಲ್ಲಿ ಜನರ ಘನತೆಗೂ ದುಡಿದರು.

ಹೊರಗಿನವರು ಇಟ್ಟ ಹೆಸರನ್ನು ಕಿತ್ತೆಸೆಯುವುದೊಂದೇ ದಾರಿಯೂ ಅಲ್ಲ. 1957ರಲ್ಲಿ ಚಿನ್ನದ ಕರಾವಳಿ ಘಾನಾ ಆಯಿತು. 1984ರಲ್ಲಿ ಅಪ್ಪರ್ ವೋಲ್ಟಾ ನೆಟ್ಟನೆಯ ಜನರ ನಾಡು ಎಂಬರ್ಥದ ಬುರ್ಕಿನಾ ಫಾಸೋ ಆಯಿತು. ಆದರೆ ಖಂಡದ ಹೆಸರನ್ನು ಅಲ್ಲಿನ ಜನ ಬಿಡಲಿಲ್ಲ, ತಮ್ಮದು ಮಾಡಿಕೊಂಡರು. ಸ್ವಾಹಿಲಿಯಲ್ಲಿ ಅದು ಆಫ್ರಿಕಾ, ಹೌಸಾದಲ್ಲಿ ಆಫಿರ್ಕಾ, ಬರ್ಬರ್ ನುಡಿಯಲ್ಲಿ ತಾಫ್ರಿಕ್ತ್, ಖೋಸಾದಲ್ಲಿ ಇಆಫ್ರಿಕಾ. 1897ರಲ್ಲಿ ಜೊಹಾನ್ಸ್‌ಬರ್ಗ್ ಬಳಿಯ ಶಾಲಾ ಮೇಷ್ಟ್ರು ಎನೋಕ್ ಸೊಂಟೊಂಗಾ ಖೋಸಾ ಭಾಷೆಯಲ್ಲಿ ಆಫ್ರಿಕಾವನ್ನು ಹರಸು ಎಂಬ ಪ್ರಾರ್ಥನೆ ಬರೆದರು. ಮುಂದೆ ಅದರೊಡನೆ ರೋಮನರ ಪ್ರಾಂತದ ಹೆಸರು ವರ್ಣಭೇದದ ವಿರುದ್ಧ ಹೋರಾಡಿದವರ ಗಂಟಲಿಗೆ ಬಂತು. ಆ ಪ್ರಾರ್ಥನೆ ಇಂದು ದಕ್ಷಿಣ ಆಫ್ರಿಕಾದ ರಾಷ್ಟ್ರಗೀತೆಯ ಭಾಗ. 1963ರ ಮೇ 25ರಂದು ಆಡಿಸ್ ಅಬಾಬಾದಲ್ಲಿ 32 ದೇಶಗಳು ಒಂದು ಸಂಘಟನೆ ಕಟ್ಟಿದ್ದೂ ಇದೇ ಹೆಸರಿನಲ್ಲಿ. ಹೆಸರು ಕೊಟ್ಟವನದಲ್ಲ, ಅದನ್ನು ಹೊತ್ತು ಬಾಳಿದವನದು.

ಈ ಮಾತು ನಮಗೆ ಅರ್ಥವಾಗಲೇಬೇಕು. ಸಿಂಧೂ ನದಿಯ ಹೆಸರು ಪರ್ಷಿಯನ್ನರ ಬಾಯಲ್ಲಿ ಹಿಂದೂ, ಗ್ರೀಕರ ಬಾಯಲ್ಲಿ ಇಂಡಿಯಾ ಆಗಿ ನಮಗೇ ಮರಳಿ ಬಂತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಆ ಪದಕ್ಕೆ ಕರಿಮಣ್ಣಿನ ನಾಡೆಂಬುದು ಮೂಲವೋ ಎತ್ತರದ ನಾಡೆಂಬುದೋ ಎಂಬ ಚರ್ಚೆ ತೀರಿಲ್ಲ. ತೀರದಿದ್ದರೆ ಕನ್ನಡಿಗರ ಮಾನಕ್ಕೆ ಏನೂ ಕುಂದಿಲ್ಲ.

ಮಾನಕ್ಕೆ ಕುಂದು ಬರುವುದು ಬೇರೆ ಕಡೆಯಿಂದ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ಒಬ್ಬನ ಕಾರಿಗೆ ಸಿಕ್ಕು ಒಬ್ಬ ಹೆಣ್ಣುಮಗಳು ಸತ್ತಳು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆದು ಬಟ್ಟೆ ಹರಿಯಿತು. ಸುಡಾನಿಗೂ ಟಾಂಜಾನಿಯಾಕ್ಕೂ ನಡುವೆ ದೇಶಗಳಿವೆ, ಭಾಷೆಗಳಿವೆ. ಆ ಹುಡುಗಿಗೂ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ಗುಂಪಿನ ಕಣ್ಣಿಗೆ ಇಬ್ಬರೂ ‘ಆಫ್ರಿಕಾದವರು’, ಅಷ್ಟೇ ಅಪರಾಧವಾಯಿತು. ಆ ಖಂಡದವರು ನಮಗೆ ಹೊಸಬರೂ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಸಿದ್ದಿಗಳ ಪೂರ್ವಜರು ಅದೇ ಖಂಡದಿಂದ ಬಂದವರು. ಬೀದರಿನಲ್ಲಿ ಆಫ್ರಿಕಾ ಮೂಲದವರ ಹೆಸರು ಹೊತ್ತ ಹಬ್ಶಿ ಕೋಟ್ ಎಂಬ ಜಾಗ ಇಂದಿಗೂ ಇದೆ. ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲು 2003ರವರೆಗೆ ಕಾಯಬೇಕಾಯಿತು. ಈ ನೆಲದ ಮಕ್ಕಳನ್ನೇ ಯಾವ ದೇಶದವರು ನೀವು ಎಂದು ಕೇಳುವವರು ಇನ್ನೂ ಇದ್ದಾರೆ.

ಆಫ್ರಿಕಾ ಎಂಬ ಪದದ ಬೇರು ಧೂಳೋ ಗವಿಯೋ, ಅದನ್ನು ಭಾಷಾವಿಜ್ಞಾನಿಗಳು ಹುಡುಕಲಿ. ಸಿಗದಿದ್ದರೆ ಸಿಗಲಿಲ್ಲ ಎಂದು ಹೆರೊಡೊಟಸ್‌ನಂತೆ ಹೇಳಲಿ. ನಮ್ಮ ಕೈಯಲ್ಲಿರುವ ಕೆಲಸ ಇನ್ನೂ ಸರಳ. ನಮ್ಮ ಬೀದಿಯಲ್ಲಿ, ಕಾಲೇಜಿನಲ್ಲಿ, ಬಾಡಿಗೆಗೆ ಮನೆ ಕೇಳಿಕೊಂಡು ಬಂದಲ್ಲಿ ಆ ಖಂಡದ ಒಬ್ಬರು ಎದುರಾದರೆ ಖಂಡದ ಹೆಸರಿನಿಂದ ಅವರನ್ನು ಅಳೆಯಬೇಡಿ. ಯಾವ ದೇಶ, ಯಾವ ಊರು, ಮನೆಯಲ್ಲಿ ಆಡುವ ಮಾತು ಯಾವುದು ಎಂದು ಕೇಳಿ. ಅವರ ಹೆಸರು ಕೇಳಿ, ಕಲಿತು, ಅದೇ ಹೆಸರಿನಿಂದ ಕರೆಯಿರಿ.