ಖಾಲಿ ಹುದ್ದೆಯಲ್ಲಿ ಕೂತವರು

ನನ್ನ ವೃತ್ತಿಯಲ್ಲಿ ಮನುಷ್ಯರನ್ನು ಅರ್ಧ, ಕಾಲು ಎಂದು ಲೆಕ್ಕ ಹಾಕುತ್ತೇವೆ. ಈ ಕೆಲಸಕ್ಕೆ ಒಂದೂವರೆ ಟೆಸ್ಟರ್, ಆ ಕೆಲಸಕ್ಕೆ ಕಾಲು ಆರ್ಕಿಟೆಕ್ಟ್. ಹದಿನಾಲ್ಕು ವರ್ಷದಿಂದ ಪ್ರಾಜೆಕ್ಟ್ ಮ್ಯಾನೇಜರ್ ಆಗಿರುವ ನನಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಎಕ್ಸೆಲ್ ಹಾಳೆಯ ಒಂದು ಚೌಕದಲ್ಲಿ ಸೊನ್ನೆ ಬರೆದರೆ ಆ ಕೆಲಸ ನಿಂತುಹೋಗುತ್ತದೆ ಎಂದು ಹೊರಗಿನವರು ತಿಳಿದಾರು. ನಿಲ್ಲುವುದಿಲ್ಲ. ಟೀಮಿನ ಯಾರೋ ಒಬ್ಬಳು ರಾತ್ರಿ ಹನ್ನೊಂದರವರೆಗೆ ಕೂತು ಅದನ್ನು ಮಾಡಿ ಮುಗಿಸುತ್ತಾಳೆ. ಹಾಳೆಯಲ್ಲಿ ಮಾತ್ರ ಸೊನ್ನೆ ಸೊನ್ನೆಯಾಗಿಯೇ ಇರುತ್ತದೆ.

ಈ ಸೊನ್ನೆ ಆಸ್ಪತ್ರೆಯಲ್ಲಿದ್ದರೆ ಏನಾಗುತ್ತದೆ ಎನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದು ವಟ್ವಾದಲ್ಲಿ.

ವಟ್ವಾ ಅಹಮದಾಬಾದಿನ ಆಗ್ನೇಯ ಅಂಚು. ಹದಿನೈದನೇ ಶತಮಾನದ ಸೂಫಿ ಸಂತ ಕುತುಬ್-ಎ-ಆಲಂ ಅವರ ಗೋರಿ ಇಲ್ಲಿದೆ. ಆದರೆ ಊರಿಗೆ ಈಗ ಹೆಸರು ಜಿಐಡಿಸಿ ಕೈಗಾರಿಕಾ ವಸಾಹತಿನಿಂದ. ಡೈ, ಕೆಮಿಕಲ್, ಎಂಜಿನಿಯರಿಂಗ್ ಎಂದು ಸಾಲು ಸಾಲು ಕಾರ್ಖಾನೆಗಳು. ಅಂಥ ಕೆಲವು ಕಾರ್ಖಾನೆಗಳಿಗೆ ಹಾಜರಿ ಮತ್ತು ಸಂಬಳದ ಸಾಫ್ಟ್‌ವೇರ್ ಹಾಕಿಕೊಡುವುದು ನಮ್ಮ ಕೆಲಸ. ಹಾಗಾಗಿ ಗೇಟಿನ ಹತ್ತಿರದ ಚಹಾ ಅಂಗಡಿಗಳು ನನಗೆ ಪರಿಚಿತ. ಅಲ್ಲೇ ಒಬ್ಬ ಹುಡುಗ ನಾನು ಫೋನಿನಲ್ಲಿ ಕನ್ನಡ ಆಡುವುದನ್ನು ಕೇಳಿ ಮಾತಾಡಿಸಿದ್ದ. ಯಾದಗಿರಿ ಕಡೆಯವನು, ಠೇಕೇದಾರನ ಕೈಕೆಳಗೆ ಪ್ರೆಸ್ ಮಷೀನಿನಲ್ಲಿ ಕೆಲಸ. ಕೆಲ ತಿಂಗಳ ನಂತರ ಅದೇ ಮಷೀನಿಗೆ ಅವನ ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ವೈದ್ಯರು ಮಾಡಬೇಕಾದ್ದನ್ನು ಚೆನ್ನಾಗಿಯೇ ಮಾಡಿದರು. ಹೊಲಿಗೆ, ಔಷಧ, ಊಟ, ಯಾವುದರಲ್ಲೂ ಕೊರತೆಯಿರಲಿಲ್ಲ. ಕಷ್ಟ ಶುರುವಾದದ್ದು ಗಾಯ ಮಾಯತೊಡಗಿದ ಮೇಲೆ. ಅವನ ತಿಂಗಳ ಸಂಬಳ 14,000 ರೂಪಾಯಿ. ಅದರಲ್ಲಿ ಶೇ. 0.75ರಂತೆ 105 ರೂಪಾಯಿ ಇಎಸ್‌ಐಗೆ ಹೋಗುತ್ತಿತ್ತು, ಮಾಲೀಕನ ಪಾಲು ಶೇ. 3.25 ಬೇರೆ. ಕೆಲಸದ ಜಾಗದಲ್ಲಿ ಗಾಯವಾಗಿ ದುಡಿಯಲಾಗದಿದ್ದರೆ ಸಂಬಳದ ಶೇ. 90ರಷ್ಟು ಕೊಡಬೇಕು ಎಂದು ಇಎಸ್‌ಐ ನಿಯಮ. ಇಷ್ಟು ತಿಂಗಳು ವಂತಿಗೆ ಕಟ್ಟಿರಲೇಬೇಕು ಎಂಬ ಷರತ್ತು ಕೂಡ ಅಪಘಾತಕ್ಕಿಲ್ಲ. ಕಾಯಂ ಊನಕ್ಕೆ ಬೇರೆ ಪರಿಹಾರವಿದೆ. 1948ರಲ್ಲೇ ಇಂಥ ಕಾಯ್ದೆ ಮಾಡಿದವರ ಬಗ್ಗೆ ನನಗೆ ನಿಜವಾಗಿಯೂ ಗೌರವ.

ಆದರೆ ಆ ಹಣ ಅವನ ಕೈಗೆ ಬರಬೇಕಾದರೆ ಠೇಕೇದಾರ ಅಪಘಾತದ ವರದಿ ಕೊಡಬೇಕು, ಅವನು ಇಂದು ನಾಳೆ ಎನ್ನುತ್ತಿದ್ದ. ಆಧಾರಿನಲ್ಲಿ ಹುಡುಗನ ಹೆಸರು ಒಂದು ಥರ, ಇಎಸ್‌ಐ ದಾಖಲೆಯಲ್ಲಿ ಇನ್ನೊಂದು ಥರ. ವೈದ್ಯರ ಸರ್ಟಿಫಿಕೇಟು ಒಂದು ಕಿಟಕಿ, ಹಣದ ವಿಚಾರಣೆ ಬೇರೊಂದು ಕಚೇರಿ. ಬೋರ್ಡುಗಳು ಗುಜರಾತಿಯಲ್ಲಿ, ಅರ್ಜಿ ಇಂಗ್ಲಿಷಿನಲ್ಲಿ. ಅವನಿಗೆ ಬರುವುದು ಕನ್ನಡ, ಅರ್ಧಂಬರ್ಧ ಹಿಂದಿ. ಮೇಲಾಗಿ ಸಹಿ ಹಾಕುವ ಕೈಗೇ ಪಟ್ಟಿ. “ಸರ, ಈ ಕಾಗದ ಎಲ್ಲಿ ಕೊಡಬೇಕ್ರಿ?” ಎಂದು ಫೋಟೋ ಕಳಿಸುತ್ತಿದ್ದ. ನಾನು ನಾಲ್ಕು ಸಲ ಅರ್ಧ ದಿನದ ರಜೆ ಹಾಕಿ ಜೊತೆಗೆ ಹೋದೆ. ಊರಿನಿಂದ ಅವನ ಹೆಂಡತಿ ಕೈಗೂಸನ್ನು ಕಟ್ಟಿಕೊಂಡು ಬಂದು ಹನ್ನೊಂದು ವಾರ ಇದ್ದಳು. ಅಲ್ಲಿ ಅವಳ ಕೂಲಿ ಹೋಯಿತು. ಕಚೇರಿಯ ಹೊರಗೆ ಒಬ್ಬ ದಲ್ಲಾಳಿಯೂ ಇದ್ದ, ಎಲ್ಲ ಬಲ್ಲವನು. ಅವನ ರೇಟನ್ನು ಇಲ್ಲಿ ಬರೆಯುವುದಿಲ್ಲ.

ಅಂದರೆ ಆ ಕೆಲಸ ನಡೆಯಲಿಲ್ಲವೆಂದಲ್ಲ. ಒಬ್ಬ ಸಾಫ್ಟ್‌ವೇರಿನವನು, ಒಬ್ಬ ಬಾಣಂತಿ, ಒಬ್ಬ ದಲ್ಲಾಳಿ ಸೇರಿ ಮಾಡಿದೆವು. ನಾವು ಮೂವರು ಕೂತಿದ್ದ ಹುದ್ದೆಗೆ ಒಂದು ಹೆಸರಿದೆ: ವೈದ್ಯಕೀಯ ಸಮಾಜ ಕಾರ್ಯಕರ್ತ.

ಈ ಹುದ್ದೆಯ ಹುಟ್ಟೇ ಸ್ವಾರಸ್ಯಕರ. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟೀವರ್ಟ್ ಎಂಬಾಕೆಯನ್ನು ನೇಮಿಸಿಕೊಂಡದ್ದು ರೋಗಿಗಳಿಗೆ ನೆರವಾಗಲಿ ಎಂದಷ್ಟೇ ಅಲ್ಲ. ದುಡ್ಡಿದ್ದವರು ಪುಕ್ಕಟೆ ಚಿಕಿತ್ಸೆಗೆ ನುಸುಳದಂತೆ ಸೋಸಲಿ ಎಂದು. ಬಾಗಿಲು ಕಾಯಲು ಕೂರಿಸಿದ ಹುದ್ದೆಯೇ ಮುಂದೆ ರೋಗಿಯ ಜೊತೆ ನಡೆಯುವ ಹುದ್ದೆಯಾಯಿತು. ಅಮೆರಿಕದ ಬಾಸ್ಟನ್ನಿನಲ್ಲಿ 1905ರಲ್ಲಿ ಡಾಕ್ಟರ್ ರಿಚರ್ಡ್ ಕ್ಯಾಬಟ್ ತಮ್ಮ ಆಸ್ಪತ್ರೆಗೆ ಇಂಥವರನ್ನು ತಂದಾಗ ಆಸ್ಪತ್ರೆ ಸಂಬಳ ಕೊಡಲು ಒಪ್ಪಲಿಲ್ಲ. ಅವರೇ ಕೈಯಿಂದ ಕೊಟ್ಟರು. ನಮ್ಮಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಗೆ 1946ರಲ್ಲಿ ಮೊದಲ ನೇಮಕ ಆಯಿತು. ವಟ್ವಾದಿಂದ ನೂರು ಕಿಲೋಮೀಟರು ದೂರದ ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಸಮಾಜ ಕಾರ್ಯದ ಶಿಕ್ಷಣ ನಡೆಯುತ್ತಿರುವುದು 1950ರ ಆಸುಪಾಸಿನಿಂದ. ಕಲಿಸುವವರಿಗೂ ಕಲಿತವರಿಗೂ ಕೊರತೆಯಿದೆ ಎನ್ನುವಂತಿಲ್ಲ. ಇತ್ತೀಚೆಗೆ ಬಂದ ಆರೋಗ್ಯಮಿತ್ರರಲ್ಲಿ ನನಗೆ ಆ ಹಳೆಯ ಲಂಡನ್ನಿನ ನೆರಳು ಕಾಣುತ್ತದೆ. ಅವರ ಮೊದಲ ಕೆಲಸ ಕಾರ್ಡು ನೋಡುವುದು. ಹೆಸರಿನಲ್ಲಿರುವ ಮಿತ್ರನಾಗಲು ಅವರಿಗೆ ಬಿಡುವೆಷ್ಟು ಸಿಗುತ್ತದೋ.

ಸಂಖ್ಯೆಯ ಮಾತಿಗೆ ಬಂದರೆ ನನಗೆ ನೆನಪಾಗುವುದು ನಮ್ಮ ಬಳ್ಳಾರಿ. ನಾನು ಹೊಸಪೇಟೆಯವನಾದ್ದರಿಂದ ಸ್ವಲ್ಪ ಅಭಿಮಾನವೂ ಇದೆಯೆನ್ನಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಚಿಕಿತ್ಸೆ ಹಳ್ಳಿಯ ಹತ್ತಿರವೇ ಸಿಗುವಂತೆ ಮಾಡಿದ್ದು ಇದೇ ಜಿಲ್ಲೆಯಲ್ಲಿ. ‘ಬಳ್ಳಾರಿ ಮಾದರಿ’ ಎಂದೇ ಅದಕ್ಕೆ ಹೆಸರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದರ ಮೇಲೇ ನಿಂತದ್ದು. ಈಗ ಅದು ದೇಶದ ಬಹುಪಾಲು ಜಿಲ್ಲೆಗಳಲ್ಲಿದೆ. ಅದರ ತಂಡದಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ನರ್ಸುಗಳ ಜೊತೆಗೆ ಮನೋಸಾಮಾಜಿಕ ಕಾರ್ಯಕರ್ತರಿಗೂ ಜಾಗವಿದೆ. ಎಷ್ಟು ಜನಕ್ಕೆ? ಜಿಲ್ಲೆಯ ತಂಡಕ್ಕೆ ಒಬ್ಬರು. 2011ರ ಜನಗಣತಿಯಲ್ಲಿ ಅವಿಭಜಿತ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು 24.5 ಲಕ್ಷ, ಅಹಮದಾಬಾದ್ ಜಿಲ್ಲೆಯದು ಸುಮಾರು 72 ಲಕ್ಷ. ಅಳತೆಗೋಲು ಜನರಲ್ಲ, ಜಿಲ್ಲೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಅವರನ್ನು ನೋಡಿಕೊಳ್ಳುತ್ತಿರುವವರು ತಾಯಿ, ಹೆಂಡತಿ, ಅಕ್ಕ. ಆ ‘ಒಬ್ಬರು’ ಮಾಡಲಾಗದ ಕೆಲಸವನ್ನೆಲ್ಲ ಮಾಡುತ್ತಿರುವವರೂ ಇವರೇ.

ಇದನ್ನೆಲ್ಲ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ವೈದ್ಯರಾಗಿರುವ ನನ್ನ ಭಾವನಿಗೆ ಫೋನಿನಲ್ಲಿ ಹೇಳಿದೆ. “ನೀನು ಹೇಳೋದು ಸರಿ ಕಣಪ್ಪಾ” ಎಂದರು. “ಆದ್ರೆ ನಂಗೆ ಒಂದೇ ಒಂದು ಪೋಸ್ಟ್ ಕೊಟ್ರೆ ನಾನು ನರ್ಸನ್ನೇ ಕೇಳ್ತೀನಿ. ರಾತ್ರಿ ಪಾಳಿಗೆ ವಾರ್ಡಲ್ಲಿ ಒಬ್ಬಳೇ ಇರ್ತಾಳೆ. ಉಸಿರು ನಿಂತವನಿಗೆ ಅರ್ಜಿ ಬರೆದುಕೊಟ್ಟು ಏನ್ ಮಾಡ್ಲಿ?”

ಈ ಮಾತಿಗೆ ಉತ್ತರವಿಲ್ಲ ಎಂದು ಮೊದಲು ಅನ್ನಿಸಿತ್ತು. ಈಗಲೂ ಅವರ ಆಯ್ಕೆ ತಪ್ಪೆನ್ನಲಾರೆ. ಇರುವುದೇ ಒಂದು ಹುದ್ದೆಯಾದರೆ ನರ್ಸೇ ಸರಿ. ಆದರೆ ‘ನಮ್ಮಲ್ಲಿ ಇಷ್ಟೇ ಇದೆ’ ಎನ್ನುವುದು ಒಂದು, ‘ಇಷ್ಟು ಸಾಕು’ ಎನ್ನುವುದು ಇನ್ನೊಂದು. ಮೊದಲನೆಯದು ಬಡತನ. ಎರಡನೆಯದು ಬೇರೆಯವರ ದುಡಿಮೆಯನ್ನು ಕೇಳದೆ ತೆಗೆದುಕೊಂಡು ಲೆಕ್ಕದಿಂದ ಮುಚ್ಚಿಡುವುದು. ಸಂಖ್ಯೆ ಸಣ್ಣದಾಗಿರುವುದು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಉಳಿದದ್ದನ್ನು ಯಾರು ಹೊರುತ್ತಾರೆ ಎಂದು ಅದರ ಪಕ್ಕದಲ್ಲಿ ಬರೆಯದಿರುವುದು ಕಾಡುತ್ತದೆ.

ಆಶಾ ಕಾರ್ಯಕರ್ತೆಯರನ್ನೇ ನೋಡಿ. ಹಳ್ಳಿಯಲ್ಲಿ ಸಾವಿರ ಜನಕ್ಕೊಬ್ಬಳು ಎಂದು ಸಂಖ್ಯೆಯೇನೋ ಗಟ್ಟಿಯಾಗಿದೆ. ಆದರೆ ಅವಳನ್ನು ನೌಕರಳೆನ್ನದೆ ಸ್ವಯಂಸೇವಕಿ ಎಂದರು, ಸಂಬಳವೆನ್ನದೆ ಪ್ರೋತ್ಸಾಹಧನ ಎಂದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಿದ್ದರು, ಗೌರವಧನಕ್ಕಾಗಿ.

ವಟ್ವಾದಲ್ಲಿ ಇನ್ನೊಂದು ಸಂಗತಿಯಿದೆ. ಸಾಬರಮತಿ ರಿವರ್‌ಫ್ರಂಟ್ ಕಟ್ಟುವಾಗ ನದಿದಂಡೆಯಿಂದ ಎಬ್ಬಿಸಿದ ಬಹಳಷ್ಟು ಕುಟುಂಬಗಳಿಗೆ ಮನೆ ಕೊಟ್ಟದ್ದು ಇಲ್ಲಿನ ಬಹುಮಹಡಿ ವಸತಿಗಳಲ್ಲಿ. ಪಕ್ಕಾ ಮನೆ ಸಿಕ್ಕಿತು, ಅಕ್ಕಪಕ್ಕದವರು ಚದುರಿಹೋದರು. ಮಗುವಿಗೆ ಜ್ವರ ಬಂದರೆ ನೋಡಿಕೊಳ್ಳುತ್ತಿದ್ದ ಮುದುಕಿ ಈಗ ಯಾವ ಬ್ಲಾಕಿನಲ್ಲೋ. ಜನ ಹೇಗೋ ಒಬ್ಬರಿಗೊಬ್ಬರು ಆಗುತ್ತಾರೆ ಎಂದು ನಂಬಿ ಆರೋಗ್ಯ ಇಲಾಖೆ ಹುದ್ದೆ ಕಡಿಮೆ ಇಟ್ಟರೆ, ಆ ‘ಹೇಗೋ’ವನ್ನು ಇನ್ನೊಂದು ಇಲಾಖೆ ಬೇರುಸಹಿತ ಕಿತ್ತಿರುತ್ತದೆ. ಇಬ್ಬರ ಕಡತಗಳೂ ಒಂದನ್ನೊಂದು ನೋಡುವುದಿಲ್ಲ. ಹಿಂದೆ ಇದೇ ಊರಿನ ಗಿರಣಿಗಳ ಕಾಲದಲ್ಲಿ, ಗಾಂಧಿ ಮತ್ತು ಅನಸೂಯಾ ಸಾರಾಭಾಯಿ ಅವರಿಂದ ಬೆಳೆದ ಮಜೂರ್ ಮಹಾಜನ್ ಸಂಘ ಕಾರ್ಮಿಕರ ದೂರು ಬರೆದುಕೊಂಡು ಬೆನ್ನುಹತ್ತುವವರನ್ನು ಇಟ್ಟಿತ್ತು. ಅದರ ಮಹಿಳಾ ವಿಭಾಗದಿಂದ 1972ರಲ್ಲಿ ಹುಟ್ಟಿದ ‘ಸೇವಾ’ ಇಂದಿಗೂ ಅಂಥ ಕೆಲಸ ಮಾಡುತ್ತದೆ. ಪ್ರೆಸ್ ಮಷೀನಿನ ಹುಡುಗನಿಗೆ ಯಾವ ಸಂಘವೂ ಇರಲಿಲ್ಲ.

ಒಳ್ಳೆಯ ಜನ ಇರುವಾಗ ಹುದ್ದೆ ಯಾಕೆ ಎಂದು ಕೇಳುವವರಿದ್ದಾರೆ. ನಾನು ಅವನ ಜೊತೆ ಹೋದದ್ದು ನಾನು ಒಳ್ಳೆಯವನೆಂದಲ್ಲ, ಅವನು ಕನ್ನಡ ಮಾತಾಡಿದನೆಂದು. ಪಕ್ಕದ ಮಂಚದಲ್ಲಿ ಒಡಿಶಾದ ಹುಡುಗನೊಬ್ಬನಿದ್ದ, ಆಸಿಡ್ಡಿನಿಂದ ಕಾಲು ಸುಟ್ಟಿತ್ತು. ಅವನ ಕೈಯಲ್ಲೂ ಅದೇ ಕಾಗದಗಳಿದ್ದವು. ನಾವು ಹೊರಡುವಾಗ ನೋಡುತ್ತಿದ್ದ. ದಯೆಗೆ ಜಾತಿ, ಊರು, ಭಾಷೆ ಬೇಕಾಗುತ್ತದೆ. ಸಂಬಳ ಪಡೆದು ಕುರ್ಚಿಯಲ್ಲಿ ಕೂತವಳನ್ನಾದರೆ ಅವನೂ ಹೋಗಿ ಕೇಳಬಹುದಿತ್ತು, ಕೇಳುವ ಹಕ್ಕು ಇರುತ್ತಿತ್ತು. ನನ್ನನ್ನು ಅವನು ಯಾವ ಹಕ್ಕಿನಿಂದ ಕೇಳಬೇಕು?

ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ ಇನ್ನೊಂದು ಕಾಲಂ ಸೇರಿಸಿ, ಈ ಕೆಲಸವನ್ನು ಸದ್ಯ ಯಾರು ಮಾಡುತ್ತಿದ್ದಾರೆ ಎಂದು ಬರೆದುಬಿಡಿ ಎಂದು ಭಾವನಿಗೆ ಹೇಳಿದೆ. ಹೆಂಡತಿಯೋ, ದಲ್ಲಾಳಿಯೋ, ಯಾರೂ ಇಲ್ಲವೋ. ಅವರು ನಕ್ಕುಬಿಟ್ಟರು. “ಪೇಷೆಂಟ್ ಮನೆಯವರನ್ನ ಕೂರಿಸಿಕೊಂಡು ಅದನ್ನೆಲ್ಲ ಕೇಳಿ ಬರೆಯೋಕೆ ನನ್ನ ಹತ್ರ ಯಾರಿದ್ದಾರೋ?” ಎಂದರು. ಹಾಗಾದರೆ ಮೊದಲು ಅದಕ್ಕೇ ಒಬ್ಬರನ್ನು ಕೇಳಿ ಎಂದೆ. ರೌಂಡ್ಸಿಗೆ ಹೊತ್ತಾಯಿತು ಎಂದು ಫೋನ್ ಇಟ್ಟರು.